ವಿಜಯಪುರದ ಬಿಸಿಲಲ್ಲಿ ಚಿಲ್ಲರ್ ಇಲ್ಲದೆ ಅರ್ಚಿನ್ ಸಾಕಿದ್ದು: ನನ್ನ ಅನುಭವ

"ಬ್ಯಾಸಗ್ಯಾಗ ನಲವತ್ತರ ಮ್ಯಾಲ ಹೊಡೀತದ, ಚಿಲ್ಲರ್ ಇಲ್ದ ಅರ್ಚಿನ್ ಉಳಿಯೂದಿಲ್ಲ, ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ" ಎಂದವರೇ ಹೆಚ್ಚು. ಅರ್ಚಿನ್ ಎಂದರೆ ಮೈತುಂಬ ಮುಳ್ಳಿರುವ ಕಡಲಜೀವಿ, ಚಿಲ್ಲರ್ ಎಂದರೆ ಟ್ಯಾಂಕಿನ ನೀರು ತಂಪಾಗಿಸುವ ಯಂತ್ರ. ಈಗ ನನ್ನ ಹವಳದ ಟ್ಯಾಂಕಿನ ಟಕ್ಸಿಡೊ ಜಾತಿಯ ಅರ್ಚಿನ್ ಪೂರ್ತಿ ಬೇಸಿಗೆ ದಾಟಿದೆ. ಬಂದಾಗ ಎರಡೂವರೆ ಸೆಂ.ಮೀ. ಇದ್ದದ್ದು ನಾಲ್ಕರ ಮೇಲಾಗಿದೆ, ಒಂದು ಮುಳ್ಳೂ ಉದುರಿಲ್ಲ. ಸಂಪ್ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಸೇರಿ ಸುಮಾರು 200 ಲೀಟರಿನ ಉಪ್ಪುನೀರಿನ ಟ್ಯಾಂಕು. ಚಿಲ್ಲರ್ ಇಂದಿಗೂ ತಂದಿಲ್ಲ.

ನಮ್ಮ ಕಡೆ ಅರ್ಚಿನ್ ಸಾಯುವುದು ಬಿಸಿಗಿಂತ ಹೆಚ್ಚಾಗಿ ಉಪ್ಪಿನ ಏರಿಳಿತದಿಂದ. ಬಿಸಿಗೆ ಫ್ಯಾನ್ ಸಾಕು. ಕರಾವಳಿಯ ಜಿಗುಟು ಹವೆಯಲ್ಲಿ ಫ್ಯಾನಿನಿಂದ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ನಮ್ಮ ಏಪ್ರಿಲಿನ ಒಣ ಹವೆಯಲ್ಲಿ ನೀರು ಆವಿಯಾಗುವ ವೇಗವೇ ಬೇರೆ. ಕೋಣೆ 34 ಇದ್ದಾಗ ನನ್ನ ನೀರು 28ರ ಆಸುಪಾಸು ನಿಲ್ಲುತ್ತದೆ. ನಾಲ್ಕು 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, ಗಾಳಿ ನೀರಿನ ಮೇಲೆ ಓರೆಯಾಗಿ ಸವರಿಕೊಂಡು ಹೋಗುವ ಹಾಗೆ. ಮೇಲೆ ಗಾಜಿನ ಮುಚ್ಚಳ ಬೇಡ, ಜಾಲರಿ ಸಾಕು. ಲೈಟು ಹಗಲು ಬಂದ್, ಸಂಜೆ ಆರರಿಂದ ನಡುರಾತ್ರಿವರೆಗೆ ಚಾಲು. ಉಪ್ಪಿನ ಹನಿ ತಾಗಿ ಫ್ಯಾನ್ ಒಂದೇ ಬೇಸಿಗೆಗೆ ತುಕ್ಕು ಹಿಡಿಯುತ್ತದೆ, ಎರಡು ಹೆಚ್ಚಿಗೆ ತಂದಿಟ್ಟಿರಬೇಕು. ಫ್ಯಾನ್ ಕೂರಿಸುವ ಎತ್ತರ ಮತ್ತು ಓರೆಯ ಲೆಕ್ಕ ಸದ್ಯ ನನ್ನ ಹತ್ತಿರವೇ ಇರಲಿ. ಅದನ್ನು ಹೊಂದಿಸಿದ ಮೇಲೆಯೇ ಕೊನೆಯ ಒಂದು ಡಿಗ್ರಿ ಇಳಿದದ್ದು.

ಆದರೆ ಆ ತಂಪಿಗೆ ಬೆಲೆ ತೆರಬೇಕು. ಮೇ ತಿಂಗಳಲ್ಲಿ ದಿನಕ್ಕೆ ಆರೇಳು ಲೀಟರ್ ಆವಿಯಾಗಿ ಹೋಗುತ್ತದೆ. ಎರಡು ದಿನ ಟಾಪ್-ಅಪ್ (ಆವಿಯಾದಷ್ಟು ಸಿಹಿನೀರು ತುಂಬುವುದು) ತಪ್ಪಿದರೆ 35 ಇದ್ದ ಸಲಿನಿಟಿ (ಸಾವಿರ ಭಾಗ ನೀರಿನಲ್ಲಿ ಉಪ್ಪಿನ ಭಾಗ) 37 ದಾಟುತ್ತದೆ. ಅರ್ಚಿನ್‌ಗೆ ಒಳಗಿನ ಉಪ್ಪನ್ನು ಹಿಡಿತದಲ್ಲಿಡುವ ಅಂಗವಿಲ್ಲ, ಹೊರಗಿನ ನೀರು ಹೇಗೋ ಒಳಗೂ ಹಾಗೆ. ಮೀನು ತಡೆದುಕೊಂಡದ್ದನ್ನು ಇದು ತಡೆಯದು. ಮೊದಮೊದಲು ತಂದವು ಹೋದದ್ದು ಹೀಗೆಯೇ: ಉಪ್ಪು ಏರಿದಾಗ ಅಲ್ಲ, ಏರಿದ್ದನ್ನು ಸರಿಪಡಿಸಲು ಸಿಹಿನೀರು ಒಮ್ಮೆಲೇ ಸುರಿದಾಗ. ಮೊದಲು ಕೊಳವೆಗಾಲಿನ ಹಿಡಿತ ಸಡಿಲ, ಆಮೇಲೆ ಮುಳ್ಳು ಜೋಲು, ಮರುದಿನ ಮರಳಿನ ಮೇಲೆ ಮುಳ್ಳಿನ ರಾಶಿ. ಏರಿದ್ದರೆ ಎರಡು ಲೀಟರ್ ಹಾಕಿ, ಮೂರ್ನಾಲ್ಕು ತಾಸು ಬಿಟ್ಟು ಮತ್ತೆ ಎರಡು ಹಾಕಿ, ಹೀಗೆ ಇಳಿಸಬೇಕು.

ಎಟಿಒ, ಅಂದರೆ ನೀರು ಇಳಿದಾಗ ತಾನೇ ಟಾಪ್-ಅಪ್ ಮಾಡುವ ಸಾಧನ, ಬೇಕೇ ಬೇಕು. ಆದರೆ ನೀರಿನ ಮಟ್ಟ ನೋಡಿ ಪಂಪು ನಿಲ್ಲಿಸುವ ಅದರ ಫ್ಲೋಟ್ ಸ್ವಿಚ್ಚಿಗೆ ಉಪ್ಪು ಗಟ್ಟಿ ಕುಳಿತರೆ, ಇಲ್ಲವೇ ಶಂಖದ ಹುಳು ಹತ್ತಿ ಕುಳಿತರೆ ಪಂಪು ನಿಲ್ಲುವುದೇ ಇಲ್ಲ. ಅದಕ್ಕೆ ಟಾಪ್-ಅಪ್ ಡಬ್ಬಿಯನ್ನೇ 10 ಲೀಟರಿನದು ಇಟ್ಟಿದ್ದೇನೆ. ಪೂರ್ತಿ ಖಾಲಿಯಾದರೂ ಸಲಿನಿಟಿ 33ರ ಕೆಳಗೆ ಹೋಗದು. ದಿನಾ ಬೆಳಿಗ್ಗೆ ತುಂಬುವ ಕೆಲಸ ಇದ್ದೇ ಇದೆ, ಆದರೆ 50 ಲೀಟರಿನ ಡ್ರಮ್ಮು ಇಟ್ಟವರ ಟ್ಯಾಂಕು ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ.

ಸಲಿನಿಟಿ ಅಳೆಯುವ ರಿಫ್ರಾಕ್ಟೋಮೀಟರ್ ಬಗ್ಗೆ ಒಂದು ಮಾತು. ಬಹಳಷ್ಟು ಮೀಟರ್‌ಗಳ ತಾಪಮಾನ ಹೊಂದಾಣಿಕೆ 30 ಡಿಗ್ರಿವರೆಗೆ ಮಾತ್ರ. ನಮ್ಮ ಮಧ್ಯಾಹ್ನದ 36ರಲ್ಲಿ ಅದು ತೋರಿಸುವುದನ್ನು ನಂಬುವ ಹಾಗಿಲ್ಲ. ನಸುಕಿನಲ್ಲಿ ಅಳೆಯಬೇಕು, 35 ಸಲಿನಿಟಿಯ ದ್ರಾವಣದಿಂದ ಹೊಂದಿಸಬೇಕು, ಆರ್‌ಒ ನೀರಿನಿಂದ ಅಲ್ಲ.

ಕ್ಯಾಲ್ಸಿಯಂ, ಆಲ್ಕಲಿನಿಟಿ ಉಳಿಸಲು ಟಾಪ್-ಅಪ್ ನೀರಿಗೆ ಕಾಲ್ಕ್ (ಶುದ್ಧ ಸುಣ್ಣದ ಪುಡಿ) ಬೆರೆಸುವವರು ಇಲ್ಲಿ ಲೆಕ್ಕ ಬದಲಿಸಿಕೊಳ್ಳಲೇಬೇಕು. ತಂಪು ದೇಶದವರು ಹೇಳುವಂತೆ ಲೀಟರಿಗೆ ಒಂದೂವರೆ ಗ್ರಾಂ ಹಾಕಿ ಬೇಸಿಗೆಯಲ್ಲಿ ಆರು ಲೀಟರ್ ಇಳಿದರೆ, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಒಂದೇ ದಿನಕ್ಕೆ ಮೂರು ಡಿಕೆಎಚ್ (ಅದರ ಅಳತೆಯ ಮಾನ) ಮೇಲೇರುತ್ತದೆ, ಪಿಎಚ್ ಕೈ ತಪ್ಪುತ್ತದೆ. ನನ್ನದು ಬೇಸಿಗೆಯಲ್ಲಿ ಲೀಟರಿಗೆ 0.3 ಗ್ರಾಂ, ಮಳೆಗಾಲದಲ್ಲಿ ಆವಿ ಎರಡು ಲೀಟರಿಗೆ ಇಳಿದಾಗ 1 ಗ್ರಾಂ. ಎರಡೂ ಕಾಲಕ್ಕೂ ದಿನಕ್ಕೆ ಮುಕ್ಕಾಲು ಡಿಕೆಎಚ್ ಆಸುಪಾಸು ಸೇರುತ್ತದೆ, ಆಲ್ಕಲಿನಿಟಿ 8.5, ಕ್ಯಾಲ್ಸಿಯಂ 420ರ ಹತ್ತಿರ ನಿಂತಿದೆ. ಎಲೆಅಡಿಕೆಯ ಸುಣ್ಣ ನಡೆಯುತ್ತದೆಯೇ ಎಂದು ಕೇಳುವವರಿಗೆ: ಬೇಡ. ಅದರ ಶುದ್ಧತೆಗೆ ಖಾತ್ರಿ ಇಲ್ಲ.

ಬೋರಿನ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ನಮ್ಮಲ್ಲಿ 1200ರ ಹತ್ತಿರ. ಆರ್‌ಒ ದಾಟಿದರೂ 60-70 ಉಳಿಯುತ್ತದೆ, ಆ ಉಳಿದದ್ದನ್ನು ಹೀರುವ ಡಿಐ ರೆಸಿನ್ ಬೇಗ ತೀರುತ್ತದೆ. ಬೋರಿನ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಆರ್‌ಒ ಪೊರೆಯನ್ನು ಸಲೀಸಾಗಿ ದಾಟಿ ರೆಸಿನ್ ತಿನ್ನುತ್ತದೆ. ಆರ್‌ಒ ನೀರನ್ನು ರಾತ್ರಿಯೆಲ್ಲ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಹಾಕಿಟ್ಟು ಆ ಅನಿಲ ಹೊರಗೋಡಿಸಿ ಬೆಳಿಗ್ಗೆ ಡಿಐಗೆ ಬಿಟ್ಟ ಮೇಲೆ ರೆಸಿನ್ ಹತ್ತಿರ ಹತ್ತಿರ ಎರಡು ಪಟ್ಟು ಬಾಳಿಕೆ ಬಂತು. ಡಿಐ ಆದ ಮೇಲೆ ಎಲ್ಲಿಯೂ ಹಿತ್ತಾಳೆ ನಲ್ಲಿ, ಹಿತ್ತಾಳೆ ನಿಪ್ಪಲ್ ಇರಕೂಡದು. ತಾಮ್ರ ಅರ್ಚಿನ್‌ಗೆ ವಿಷ. ಹಿಂದೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕಿನ ಕಲ್ಲು, ಮರಳನ್ನೂ ಬಳಸಬೇಡಿ. ಕಲ್ಲಿನ ವಿಷಯ ಬಂತೆಂದು ಹೇಳುತ್ತೇನೆ, ನಮ್ಮ ಕಡಲಿನ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅಲ್ಲಿಂದ ಕಲ್ಲು ತರದೆ ಒಣ ಕಲ್ಲಿನಲ್ಲೇ ಶುರು ಮಾಡಿ. ಕೊರಲೈನ್ (ಕಲ್ಲಿಗೆ ಹತ್ತುವ ಗಟ್ಟಿ ಪಾಚಿ, ಅರ್ಚಿನ್‌ನ ಮೇವು) ಹಬ್ಬಲು ತಿಂಗಳುಗಟ್ಟಲೆ ಹಿಡಿದರೂ ಚಿಂತೆಯಿಲ್ಲ, ಅದು ಹಬ್ಬದೆ ಅರ್ಚಿನ್ ತರಬೇಡಿ.

ಪಾರ್ಸೆಲ್ ಮುಂಬೈಯಿಂದ ಬರಲಿ ಬೆಂಗಳೂರಿನಿಂದ ಬರಲಿ, ಚೀಲದೊಳಗೆ ರಾತ್ರಿಯೆಲ್ಲ ಕಳೆದಿರುತ್ತದೆ. ಚೀಲದ ನೀರಿನ ಸಾಪೇಕ್ಷ ಸಾಂದ್ರತೆ ಬಹಳ ಸಲ 1.021 ಇರುತ್ತದೆ (35 ಸಲಿನಿಟಿ ಎಂದರೆ ಸುಮಾರು 1.026). ಚೀಲ ಬಿಚ್ಚಿದೊಡನೆ ಪಿಎಚ್ ಏರಿ ಅಮೋನಿಯಾ ವಿಷವಾಗುವುದರಿಂದ ಅದೇ ನೀರಿನಲ್ಲಿಟ್ಟು ತಾಸುಗಟ್ಟಲೆ ಡ್ರಿಪ್ ಕೊಡುವುದು (ಟ್ಯಾಂಕಿನ ನೀರು ಹನಿಹನಿಯಾಗಿ ಬಿಡುವುದು) ನನಗೆ ಸರಿ ಬರಲಿಲ್ಲ. ಚೀಲದ ಸಲಿನಿಟಿಗೆ, ತಾಪಮಾನಕ್ಕೆ ಹೊಂದಿಸಿದ ಹೊಸ ನೀರಿನ ಟಬ್ ಸಿದ್ಧವಿಟ್ಟು, ನೀರೊಳಗೇ ಬಟ್ಟಲಿನಲ್ಲಿ ಅರ್ಚಿನ್ ಹಿಡಿದು ಅದರೊಳಗೆ ಬಿಡುತ್ತೇನೆ. ಅಲ್ಲಿಂದ 12 ತಾಸಿಗೆ 0.001ರಂತೆ ಏರಿಸಿ 1.026ಕ್ಕೆ ತರುವುದು. ಗಾಜಿಗೆ ಅಂಟಿದ್ದರೆ ಕಿತ್ತೆಳೆಯಬೇಡಿ, ಕೊಳವೆಗಾಲು ಹರಿಯುತ್ತವೆ. ತಾನೇ ಸರಿಯುವತನಕ ಕಾಯಿರಿ.

ಕೆಲವು ಪ್ರಯೋಗಗಳೂ ಆದವು. ಟಾಪ್-ಅಪ್ ನೀರನ್ನು ಮಣ್ಣಿನ ಹರವಿಯಲ್ಲಿಟ್ಟರೆ ತಂಪೇನೋ ಆಗುತ್ತದೆ, ಆದರೆ ಸೊನ್ನೆ ಇದ್ದ ಟಿಡಿಎಸ್ ಬೆಳಗಾಗುವುದರೊಳಗೆ 40ಕ್ಕೆ ಬಂತು, ಕೈಬಿಟ್ಟೆ. ಕಿಟಕಿ ಮುಚ್ಚಿ ರೂಮ್ ಕೂಲರ್ ಹಚ್ಚಿದರೆ ಹವೆ ತೇವವಾಗಿ ಫ್ಯಾನಿನ ಕೆಲಸವೇ ಕೆಡುತ್ತದೆ, ಕಿಟಕಿ ತೆರೆದಿಟ್ಟರೆ ಎರಡೂ ಒಟ್ಟಿಗೆ ನಡೆಯುತ್ತವೆ. ಬಿಸಿನೀರಲ್ಲಿ ಬಾಡಿಸಿದ ಪಾಲಕ್ ಅರ್ಚಿನ್ ತಿಂದಿತು, ಉಳಿದ ಚೂರು ಕೊಳೆತು ನೈಟ್ರೇಟ್ ಏರಿಸಿತು. ಎಣ್ಣೆ, ಉಪ್ಪು, ಮಸಾಲೆ ಇಲ್ಲದ ಸಾದಾ ನೋರಿಯೇ (ಒಣ ಕಡಲಪಾಚಿಯ ಹಾಳೆ) ಲೇಸು. ವಾರಕ್ಕೆ ಮೂರು ಸಲ, ಎರಡು ಬೆರಳಗಲದ ತುಂಡನ್ನು ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಕೊಡುತ್ತೇನೆ.

ಖರ್ಚು ನೆನಪಿದ್ದಷ್ಟು: ಚಿಲ್ಲರಿಗೆ 45 ಸಾವಿರ ಕೇಳಿದ್ದರು. ನನಗೆ ಫ್ಯಾನ್, ಅಡಾಪ್ಟರ್ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಎಟಿಒ ನಾಲ್ಕೂವರೆ, ಆರ್‌ಒ-ಡಿಐ 14 ಸಾವಿರ. ಡಿಸಿ ಪಂಪು, ವೇವ್‌ಮೇಕರ್, ಫ್ಯಾನ್ ಎಲ್ಲ ಕೂಡಿ 50 ವ್ಯಾಟ್ ದಾಟುವುದಿಲ್ಲ, ಮನೆಯ 150 ಎಎಚ್ ಇನ್ವರ್ಟರ್ ಬ್ಯಾಟರಿ ಕರೆಂಟ್ ಹೋದಾಗ ಹಗಲು-ರಾತ್ರಿ ಎಳೆಯುತ್ತದೆ. ಚಿಲ್ಲರ್ ಇದ್ದಿದ್ದರೆ ಅದೇ ಬ್ಯಾಟರಿ ನಾಲ್ಕೈದು ತಾಸಿಗೆ ಕೈಚೆಲ್ಲುತ್ತಿತ್ತು.

ಟಕ್ಸಿಡೊ ಸಿಕ್ಕಿದ್ದನ್ನೆಲ್ಲ ಮೈಮೇಲೆ ಹೊತ್ತು ತಿರುಗುತ್ತದೆ, ಅಂಟಿಸದ ಫ್ರ್ಯಾಗ್ (ಹವಳದ ಸಣ್ಣ ತುಂಡು) ಬೆಳಗಾದರೆ ಟ್ಯಾಂಕಿನ ಆ ತುದಿಗೆ ಹೋಗಿರುತ್ತದೆ. ಮೊದಲು ಎಪಾಕ್ಸಿ, ಅದರ ಎರಡೂ ಬದಿಗೆ ಸೂಪರ್ ಗ್ಲೂ ಜೆಲ್ ಹಚ್ಚಿ ಒತ್ತಿ ಕೂರಿಸಿ. ಅದು ಹೊತ್ತಾಡಲೆಂದು ನಾಲ್ಕು ಖಾಲಿ ಚಿಪ್ಪು ಮರಳಿನ ಮೇಲೆ ಬಿಟ್ಟರೆ ಹವಳದ ತಂಟೆಗೆ ಬರುವುದು ಕಡಿಮೆ. ಪೆನ್ಸಿಲ್ ಅರ್ಚಿನ್ ಮಾತ್ರ ಹವಳದ ಟ್ಯಾಂಕಿಗೆ ಬೇಡ, ಅದು ಪಾಚಿಯಷ್ಟಕ್ಕೇ ನಿಲ್ಲುವ ಪ್ರಾಣಿಯಲ್ಲ.