ಮಾಲ್ದೀವ್ಸ್‌ನಲ್ಲಿ ಸ್ಕೂಬಾ ಡೈವಿಂಗ್: ಪ್ರವಾಸವನ್ನು ನಾನು ಯೋಜಿಸಿದ ಬಗೆ

ಮಾಲ್ದೀವ್ಸ್‌ಗೆ ಡೈವಿಂಗ್‌ಗೆಂದು ಹೊರಡುವ ಹೆಚ್ಚಿನವರು ಮೊದಲು ತಂಗುವ ಜಾಗವನ್ನು ಗೊತ್ತುಮಾಡಿಕೊಂಡು, ಆಮೇಲೆ ವಿಮಾನದ ಟಿಕೆಟ್ ತೆಗೆದು, ಕೊನೆಗೆ ಅಲ್ಲಿ ಯಾವ ಡೈವ್ ಸೆಂಟರ್ ಇದೆ ಎಂದು ನೋಡುತ್ತಾರೆ. ನಾನು ಈ ಕ್ರಮವನ್ನು ಪೂರ್ತಿ ತಿರುಗಿಸಿಕೊಂಡಿದ್ದೇನೆ. ನಾವು ಹೋಗುವ ತಿಂಗಳಲ್ಲಿ ಸಮುದ್ರದ ಪ್ರವಾಹ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ, ಮರಳುವ ವಿಮಾನ ಎಷ್ಟು ಗಂಟೆಗೆ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಯಾವ ದ್ವೀಪ, ಎಷ್ಟು ದಿನ, ಯಾವ ದಿನ ಯಾವ ಡೈವ್ ಎಂಬುದೆಲ್ಲ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ತಂಗಿಯನ್ನು ಕರೆದುಕೊಂಡು ಫೆಬ್ರವರಿಯಲ್ಲಿ ಮಾಡಿದ ಪ್ರವಾಸವನ್ನು ಯೋಜಿಸಿದ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಅವಳು ಆಗಷ್ಟೇ ಓಪನ್ ವಾಟರ್ ಎಂಬ ಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿದ್ದಳು, ನನಗೆ ಸಾಕಷ್ಟು ವರ್ಷಗಳ ಅಭ್ಯಾಸವಿತ್ತು. ಇಬ್ಬರ ಅನುಭವದ ನಡುವಿನ ಈ ಅಂತರವನ್ನು ಯೋಜನೆಯ ಪ್ರತಿ ಹಂತದಲ್ಲೂ ಗಮನದಲ್ಲಿ ಇಟ್ಟುಕೊಳ್ಳಬೇಕಾಯಿತು.

ಪ್ರವಾಹಕ್ಕೆ ಇಷ್ಟೊಂದು ಮಹತ್ವ ಕೊಡುವುದಕ್ಕೆ ಆ ದ್ವೀಪಗಳ ರಚನೆಯೇ ಕಾರಣ. ಸುಮಾರು 1,200 ಸಣ್ಣ ಹವಳ ದ್ವೀಪಗಳು ಅಟಾಲ್‌ಗಳೆಂಬ ಉಂಗುರಗಳಾಗಿ ಜೋಡಣೆಗೊಂಡಿವೆ. ಉಂಗುರದ ಒಳಗೆ ಲಗೂನ್ ಎಂಬ ಶಾಂತ ಒಳಗಡಲು, ಹೊರಗೆ ನೇರವಾಗಿ ಆಳಕ್ಕಿಳಿಯುವ ಹಿಂದೂ ಮಹಾಸಾಗರ. ಇವೆರಡನ್ನೂ ಕೂಡಿಸುವುದು ಉಂಗುರದಲ್ಲಿ ಅಲ್ಲಲ್ಲಿ ತೆರೆದುಕೊಂಡಿರುವ ಚಾನೆಲ್‌ಗಳು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಈಶಾನ್ಯ ಮಾರುತದ ಕಾಲದಲ್ಲಿ ನೀರು ಮುಖ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಆಗ ಪೂರ್ವದಂಚಿನ ಚಾನೆಲ್‌ಗಳಿಗೆ ಸಾಗರದ ತಿಳಿನೀರು ನುಗ್ಗುವುದರಿಂದ ಅಲ್ಲಿ ದೂರದವರೆಗೆ ಕಾಣುತ್ತದೆ ಮತ್ತು ಚಾನೆಲ್‌ನ ಬಾಯಲ್ಲಿ ಶಾರ್ಕ್‌ಗಳು ಪ್ರವಾಹಕ್ಕೆ ಎದುರಾಗಿ ನಿಂತಿರುತ್ತವೆ. ಅದೇ ನೀರು ಲಗೂನ್ ದಾಟಿ ಪಶ್ಚಿಮದ ಕಡೆಯಿಂದ ಹೊರಬೀಳುವಾಗ ಪ್ಲಾಂಕ್ಟನ್ ಎಂಬ ತೇಲುವ ಸಣ್ಣ ಜೀವಿಗಳನ್ನು ಹೊತ್ತೊಯ್ಯುತ್ತದೆ, ಅವನ್ನು ತಿನ್ನುವ ಮಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ಅಲ್ಲಿ ಸೇರುತ್ತವೆ. ನೈಋತ್ಯ ಮಾರುತ ಬೀಸುವ ಮೇ ತಿಂಗಳಿಂದ ನವೆಂಬರ್‌ವರೆಗೆ ಇದೆಲ್ಲ ಅದಲುಬದಲಾಗುತ್ತದೆ. ಉತ್ತರ ಮಾಲೆ ಅಟಾಲ್‌ನ ಪೂರ್ವಕ್ಕಿರುವ ಲಂಕನ್ ಮಾಂಟಾ ಪಾಯಿಂಟ್ ಆಗ ಒಳ್ಳೆಯ ಜಾಗ, ಫೆಬ್ರವರಿಯಲ್ಲಿ ಅಲ್ಲಿಗೆ ಹೋದರೆ ಮಾಂಟಾ ಕಾಣುವ ಸಾಧ್ಯತೆ ಬಹಳ ಕಡಿಮೆ. ಆದ್ದರಿಂದ ‘ಮಾಲ್ದೀವ್ಸ್‌ಗೆ ಯಾವ ತಿಂಗಳು ಒಳ್ಳೆಯದು’ ಎಂದು ಯಾರಾದರೂ ಕೇಳಿದರೆ, ಯಾವ ಅಟಾಲ್‌ನ ಯಾವ ಬದಿಯಲ್ಲಿ ಏನನ್ನು ನೋಡಬೇಕೆಂದಿದ್ದೀರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ನಮಗೆ ಸಿಕ್ಕಿದ್ದು ಫೆಬ್ರವರಿ. ಆ ವರ್ಷ ರಂಜಾನ್ ಮಾರ್ಚ್‌ನಲ್ಲಿ ಆರಂಭವಾಗುವುದಿತ್ತು. ರೆಸಾರ್ಟ್‌ನಲ್ಲಿ ಉಳಿಯುವವರಿಗೆ ಇದರಿಂದ ವ್ಯತ್ಯಾಸವಾಗುವುದಿಲ್ಲ, ಆದರೆ ಸ್ಥಳೀಯರು ವಾಸಿಸುವ ದ್ವೀಪದ ಗೆಸ್ಟ್‌ಹೌಸ್‌ನಲ್ಲಿ ಇರಬೇಕೆಂದಿದ್ದ ನಮಗೆ ಹಗಲು ಊಟದ ಅಂಗಡಿಗಳು ತೆರೆದಿರುತ್ತವೆಯೇ ಎಂಬುದು ಮುಖ್ಯವಾಗಿತ್ತು. ಎರಡು ನೆಲೆಗಳನ್ನು ಆರಿಸಿಕೊಂಡೆ. ಮೊದಲನೆಯದು ದಕ್ಷಿಣ ಆರಿ ಅಟಾಲ್‌ನ ಧಿಗುರಾ ದ್ವೀಪ, ಎರಡನೆಯದು ವಾವು ಅಟಾಲ್‌ನ ಫುಲಿಧೂ. ಧಿಗುರಾ ಬಳಿಯ ಸಮುದ್ರ 2009ರಿಂದ ಸಂರಕ್ಷಿತ ಪ್ರದೇಶ. ಅಲ್ಲಿನ ಹೊರ ಹವಳದಿಬ್ಬದುದ್ದಕ್ಕೂ ವರ್ಷವಿಡೀ ವೇಲ್ ಶಾರ್ಕ್‌ಗಳು ಕಾಣಸಿಗುತ್ತವೆ, ಅವು ಹೆಚ್ಚಾಗಿ ಇನ್ನೂ ಪ್ರಾಯಕ್ಕೆ ಬಾರದ ಗಂಡುಗಳು. ಅವು ನೀರಿನ ಮೇಲ್ಭಾಗದಲ್ಲೇ ಈಜುವುದರಿಂದ ಅವನ್ನು ನೋಡಲು ಸ್ನಾರ್ಕೆಲ್ (ನೀರಿನ ಮೇಲೆ ತೇಲುತ್ತಾ ಉಸಿರಾಡುವ ಕೊಳವೆ) ಸಾಕು, ಹೊಸಬರಿಗೆ ಏನೂ ತಪ್ಪಿಹೋಗುವುದಿಲ್ಲ. ಆರಿ ಅಟಾಲ್‌ನ ನೈಋತ್ಯ ಮೂಲೆಯಲ್ಲಿರುವ ಮಡಿವರು ದಿಬ್ಬಕ್ಕೆ ಆ ಕಾಲದಲ್ಲಿ ಮಾಂಟಾಗಳು ಬರುತ್ತವೆ. ವಾವು ಇರುವುದು ಪೂರ್ವದಂಚಿನಲ್ಲಿ. ಮಿಯಾರು ಕಂಡು, ಫೊಟ್ಟೆಯೊ ಕಂಡುಗಳಂಥ ಹೆಸರಾಂತ ಚಾನೆಲ್‌ಗಳು ಅಲ್ಲಿವೆ. ಒಂದು ಅಟಾಲ್‌ನಿಂದ ಇನ್ನೊಂದಕ್ಕೆ ಹೋಗಲು ಬಹುತೇಕ ರಾಜಧಾನಿ ಮಾಲೆಗೆ ಬಂದೇ ಹೋಗಬೇಕಾದ್ದರಿಂದ ನಡುವಿನ ಒಂದು ದಿನ ಪ್ರಯಾಣಕ್ಕೇ ಮೀಸಲು ಎಂದು ಮೊದಲೇ ಬರೆದುಕೊಂಡೆ. ಶುಕ್ರವಾರ ದೋಣಿಗಳ ವೇಳಾಪಟ್ಟಿ ಬೇರೆ ಇರುವುದರಿಂದ ಆ ಪ್ರಯಾಣ ಶುಕ್ರವಾರ ಬೀಳದಂತೆ ನೋಡಿಕೊಂಡೆ.

ನೆಲೆಗಳನ್ನು ಈ ಅನುಕ್ರಮದಲ್ಲೇ ಇಡುವುದಕ್ಕೆ ತಂಗಿಯೇ ಕಾರಣ. ಓಪನ್ ವಾಟರ್ ಪಾಸಾದವರು ಇಳಿಯಬಹುದಾದ ಗರಿಷ್ಠ ಆಳ 18 ಮೀಟರ್. ವಾವು ಅಟಾಲ್‌ನ ಚಾನೆಲ್‌ಗಳಲ್ಲಿ ನೋಡಬೇಕಾದ್ದು ಹೆಚ್ಚಾಗಿ 25ರಿಂದ 30 ಮೀಟರ್ ನಡುವೆ ಇರುತ್ತದೆ. ಮಾಲ್ದೀವ್ಸ್‌ನ ಡೈವಿಂಗ್ ನಿಯಮದ ಪ್ರಕಾರ ಮನರಂಜನೆಯ ಡೈವ್‌ಗೆ 30 ಮೀಟರೇ ಮಿತಿ, ಡಿಕಂಪ್ರೆಶನ್ ನಿಲುಗಡೆ (ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಮೇಲೇರುವಾಗ ನಡುವೆ ನಿಲ್ಲುವುದು) ಬೇಕಾಗುವಂಥ ಡೈವ್‌ಗೆ ಅವಕಾಶವಿಲ್ಲ. ಅವಳು ಧಿಗುರಾದ ಶಾಂತ ನೀರಿನಲ್ಲಿ, ಹೆಚ್ಚು ಆಳಕ್ಕೆ ಅನುಮತಿ ಕೊಡುವ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ, ಕೆಲವು ಡೈವ್‌ಗಳನ್ನು ಸಾವಧಾನವಾಗಿ ಮಾಡಿದ ಮೇಲೆ ವಾವುಗೆ ಹೋಗುವುದೆಂದು ತೀರ್ಮಾನಿಸಿದೆವು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತ ಜೋರಾಗಿದ್ದು ಚಾನೆಲ್‌ಗಳ ಸೆಳೆತವೂ ಹೆಚ್ಚುತ್ತದೆ. ಶಾರ್ಕ್ ನೋಡಬೇಕೆನ್ನುವ ಅನುಭವಿಗಳು ಆ ದಿನಗಳನ್ನೇ ಹುಡುಕುತ್ತಾರೆ. ನಾನು ಮಾತ್ರ ಕ್ಯಾಲೆಂಡರ್ ಮುಂದಿಟ್ಟುಕೊಂಡು ವಾವುವಿನ ದಿನಗಳು ಅಷ್ಟಮಿಯ ಆಚೀಚೆ ಬರುವಂತೆ ಜೋಡಿಸಿದೆ. ಇದರಿಂದ ಶಾರ್ಕ್‌ಗಳ ಸಂಖ್ಯೆ ಕಡಿಮೆಯಾದರೂ ಆದೀತು, ಆದರೆ ಮೊದಲ ಚಾನೆಲ್ ಡೈವ್ ಮಾಡುವವರಿಗೆ ಪ್ರವಾಹ ಹದವಾಗಿರುವುದೇ ಮುಖ್ಯ ಎಂದು ಇಂದಿಗೂ ನಂಬಿದ್ದೇನೆ.

ದಿನಾಂಕ ಗೊತ್ತಾದ ಕೂಡಲೇ ಮಾಡಿದ ಕೆಲಸ ವೈದ್ಯಕೀಯ ನಮೂನೆಯದು. ಎಲ್ಲ ಡೈವ್ ಸೆಂಟರ್‌ಗಳೂ ಒಂದು ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳುತ್ತವೆ, ಕೆಲವು ಪ್ರಶ್ನೆಗಳಿಗೆ ‘ಹೌದು’ ಎಂದು ಉತ್ತರಿಸಿದರೆ ವೈದ್ಯರ ಸಹಿ ಇಲ್ಲದೆ ನೀರಿಗಿಳಿಸುವುದಿಲ್ಲ. ತಂಗಿಗೆ ಚಿಕ್ಕವಳಿದ್ದಾಗ ಉಬ್ಬಸವಿತ್ತು. ಅದನ್ನು ಬಚ್ಚಿಟ್ಟು ‘ಇಲ್ಲ’ ಎಂದು ಬರೆಯುವವರನ್ನು ನಾನು ನೋಡಿದ್ದೇನೆ, ಅದು ನನಗೆ ಸಹಿಸಲಾಗದ ಸಂಗತಿ. ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡ ಗಾಳಿ, ಡೈವರ್ ಮೇಲೇರುವಾಗ ಹಿಗ್ಗಿ ಪ್ರಾಣಕ್ಕೇ ಅಪಾಯ ತರಬಲ್ಲದು. ಹತ್ತು ಮೀಟರ್ ಆಳದಿಂದ ಮೇಲಕ್ಕೆ ಬರುವಷ್ಟರಲ್ಲಿ ಗಾಳಿಯ ಗಾತ್ರ ಎರಡು ಪಟ್ಟಾಗುತ್ತದೆ. ನಾವು ಶ್ವಾಸಕೋಶ ತಜ್ಞರ ಬಳಿ ಪರೀಕ್ಷೆ ಮಾಡಿಸಿ, ಅವರು ಒಪ್ಪಿ ಸಹಿ ಹಾಕಿದ ಮೇಲೆಯೇ ಟಿಕೆಟ್ ತೆಗೆದೆವು. ವಿಮೆಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಸ್ಕೂಬಾ ಡೈವಿಂಗ್ ಸೇರಿರುವುದಿಲ್ಲ ಅಥವಾ ಆಳದ ಮಿತಿಯೊಂದಿಗೆ ಸೇರಿರುತ್ತದೆ. ದೂರದ ದ್ವೀಪದಿಂದ ರೋಗಿಯನ್ನು ಸಾಗಿಸುವ ವೆಚ್ಚ, ಡಿಕಂಪ್ರೆಶನ್ ಚೇಂಬರ್ ಎಂಬ ಒತ್ತಡದ ಕೋಣೆಯ ಚಿಕಿತ್ಸೆಯ ವೆಚ್ಚ ಇವೆರಡನ್ನೂ ಸ್ಪಷ್ಟವಾಗಿ ಹೆಸರಿಸಿದ ಪಾಲಿಸಿಯನ್ನೇ ತೆಗೆದುಕೊಂಡೆ.

ಡೈವ್ ಸೆಂಟರ್‌ಗಳಿಗೆ ಇಮೇಲ್ ಬರೆಯುವಾಗ ದರವನ್ನು ಕೊನೆಯಲ್ಲಿ ಕೇಳುತ್ತೇನೆ. ಒಬ್ಬ ಗೈಡ್ ಜೊತೆಗೆ ಎಷ್ಟು ಜನ ಇಳಿಯುತ್ತಾರೆ, ದೋಣಿಯಲ್ಲಿ ಆಮ್ಲಜನಕವಿದೆಯೇ, ಹತ್ತಿರದ ಚೇಂಬರ್ ಯಾವ ದ್ವೀಪದಲ್ಲಿದೆ, ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು, ಪ್ರವಾಹ ಎದುರಾದರೆ ಯೋಜನೆಯನ್ನು ಹೇಗೆ ಬದಲಿಸುತ್ತೀರಿ ಎಂದು ಮೊದಲು ವಿಚಾರಿಸುತ್ತೇನೆ. ಇವಕ್ಕೆ ವಿವರವಾಗಿ, ಬೇಸರವಿಲ್ಲದೆ ಉತ್ತರ ಕೊಟ್ಟವರನ್ನೇ ಆರಿಸಿದೆ. ದರದ ವಿಷಯದಲ್ಲಿ ಗಮನಿಸಬೇಕಾದದ್ದು ಇಷ್ಟೇ: ಹೇಳಿದ ಮೊತ್ತದ ಮೇಲೆ ತೆರಿಗೆ ಬೇರೆ ಬೀಳಬಹುದು. ಪ್ರವಾಸೋದ್ಯಮದ ಸರಕು ಮತ್ತು ಸೇವಾ ತೆರಿಗೆ 2025ರ ಜುಲೈಯಿಂದ ಶೇಕಡಾ 17 ಆಗಿದೆ. ಹಸಿರು ತೆರಿಗೆ ಆ ವರ್ಷದ ಜನವರಿಯಿಂದ ರೆಸಾರ್ಟ್‌ಗಳಲ್ಲಿ ಒಬ್ಬರಿಗೆ ರಾತ್ರಿಗೆ 12 ಡಾಲರ್, ಸ್ಥಳೀಯ ದ್ವೀಪಗಳ ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ 6 ಡಾಲರ್.

ಸಾಮಾನುಗಳಲ್ಲಿ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್, ನೀರಿನ ಮೇಲೆ ಗುರುತಿಗೆಂದು ಬಿಡುವ ಕಿತ್ತಳೆ ಬಣ್ಣದ ಬಲೂನು, ಇವು ಇಬ್ಬರಿಗೂ ಸ್ವಂತದ್ದೇ ಇರಬೇಕು. ಒಂದು ಕಂಪ್ಯೂಟರನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್), ರೆಗ್ಯುಲೇಟರ್ (ಟ್ಯಾಂಕ್‌ನ ಗಾಳಿಯನ್ನು ಉಸಿರಿಗೆ ಒದಗಿಸುವ ಸಾಧನ), ಫಿನ್‌ಗಳನ್ನು ಅಲ್ಲಿಯೇ ಬಾಡಿಗೆಗೆ ಪಡೆದೆವು. ನೀರಿನ ಉಷ್ಣತೆ 27ರಿಂದ 30 ಡಿಗ್ರಿ ಇರುವುದರಿಂದ 3 ಮಿಲಿಮೀಟರ್ ವೆಟ್‌ಸೂಟ್ ಸಾಕಾಯಿತು. ಟಾರ್ಚ್‌ನ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು.

ಧಿಗುರಾದಲ್ಲಿ ಮೊದಲ ದಿನದ ಚೆಕ್ ಡೈವ್ (ತೂಕ, ತಯಾರಿಗಳನ್ನು ಪರೀಕ್ಷಿಸುವ ಡೈವ್) ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಡೈವ್‌ಗಳ ಗುಣಮಟ್ಟ ಅಲ್ಲಿ ನಿರ್ಧಾರವಾಯಿತು. ತಂಗಿ ಈಜುಕೊಳದಲ್ಲಿ ಕಲಿತಾಗ ಮುಳುಗಲೆಂದು ಕಟ್ಟಿಕೊಳ್ಳುತ್ತಿದ್ದಷ್ಟೇ ಸೀಸದ ತೂಕವನ್ನು ಕೇಳಿ ಪಡೆದಿದ್ದಳು. ಬಿಸಿಡಿಯ ಗಾಳಿಯನ್ನೆಲ್ಲ ಬಿಟ್ಟರೂ ಅವಳ ಭುಜ ನೀರಿನ ಮೇಲೆಯೇ ಉಳಿಯಿತು. “ಅಕ್ಕಾ, ನಾನು ಮುಳುಗ್ತಾನೇ ಇಲ್ವಲ್ಲ” ಎಂದಳು. ಉಪ್ಪುನೀರು ಸಿಹಿನೀರಿಗಿಂತ ಹೆಚ್ಚು ಎತ್ತಿ ಹಿಡಿಯುತ್ತದೆ. ಗೈಡ್ ಒಂದೊಂದೇ ಕಿಲೋ ಸೇರಿಸುತ್ತಾ ಹೋದರು. ಸಾಮಾನ್ಯ ಉಸಿರನ್ನು ಹಿಡಿದು ಅಲುಗಾಡದೆ ನಿಂತಾಗ ನೀರಿನ ಗೆರೆ ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ತಲೆ ಮೆಲ್ಲಗೆ ಒಳಗೆ ಹೋಗಬೇಕು ಎಂಬುದು ಅವರ ಅಳತೆ. ಅದು ಸಿಕ್ಕ ಮೇಲೂ ಅವರು ಅಷ್ಟಕ್ಕೆ ಬಿಡಲಿಲ್ಲ. ಡೈವ್‌ನ ಕೊನೆಯಲ್ಲಿ ಟ್ಯಾಂಕ್‌ನ ಗಾಳಿಯ ಒತ್ತಡ 50 ಬಾರ್‌ಗೆ ಇಳಿದಾಗ ಐದು ಮೀಟರ್ ಆಳದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಯೂಮಿನಿಯಂ ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಸುಮಾರು ಎರಡು ಕಿಲೋ ಹಗುರಾಗುವುದರಿಂದ, ಆರಂಭದಲ್ಲಿ ಸರಿಯೆನಿಸಿದ ತೂಕ ಕೊನೆಗೆ ಸಾಲದೆ ಬರಬಹುದು. ಅಲ್ಲಿ ಅವಳು ಕೈಕಾಲು ಆಡಿಸದೆ ಮೂರು ನಿಮಿಷ ನಿಂತಳು. ಆ ತೂಕವನ್ನು ಲಾಗ್‌ಬುಕ್‌ನಲ್ಲಿ ಬರೆದುಕೊಂಡು ಪ್ರವಾಸದುದ್ದಕ್ಕೂ ಅದನ್ನೇ ಬಳಸಿದಳು. ಪ್ರವಾಹವಿರುವ ಜಾಗದಲ್ಲಿ ತೇಲುವಿಕೆ ಹತೋಟಿಯಲ್ಲಿಲ್ಲದವರು ಆಸರೆಗೆ ಹವಳವನ್ನು ಹಿಡಿಯುತ್ತಾರೆ, ವರ್ಷಗಳ ಬೆಳವಣಿಗೆ ಒಂದು ಹಿಡಿತಕ್ಕೆ ಮುರಿಯುತ್ತದೆ.

ಹವಳದ ಬಗ್ಗೆ ಹೊಸಬರಿಗೆ ಮೊದಲೇ ತಿಳಿಸುವುದು ಒಳ್ಳೆಯದು ಎಂದು ನನಗನಿಸುತ್ತದೆ. 1998 ಮತ್ತು 2016ರಲ್ಲಿ ಸಮುದ್ರ ವಿಪರೀತ ಬಿಸಿಯಾಗಿ, ಕಡಿಮೆ ಆಳದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತವು. ಮೇಲ್ಭಾಗದ ದಿಬ್ಬಗಳಲ್ಲಿ ಆ ಗಾಯ ಈಗಲೂ ಕಾಣುತ್ತದೆ, ನೋಡಿದರೆ ಸಂಕಟವಾಗುತ್ತದೆ. ಚಾನೆಲ್‌ಗಳ ಚಾಚು ಬಂಡೆಗಳ ಕೆಳಗೆ ಮೃದು ಹವಳ ಇನ್ನೂ ಸೊಂಪಾಗಿದೆ. ಇಲ್ಲಿನ ನಿಜವಾದ ಸಂಪತ್ತು ಮೀನುಗಳು. 2010ರಲ್ಲಿ ಇಡೀ ದೇಶದಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿದ್ದರ ಫಲವನ್ನು ಡೈವ್ ಮಾಡುವ ನಾವು ಪ್ರತಿಸಲ ಕಣ್ಣಾರೆ ಕಾಣುತ್ತೇವೆ.

ಮಿಯಾರು ಕಂಡುವಿನಲ್ಲಿ ದೋಣಿ ನಿಂತಾಗ ಗೈಡ್ ಮೊದಲು ತಾವೊಬ್ಬರೇ ಮಾಸ್ಕ್ ಹಾಕಿ ನೀರಿಗಿಳಿದು ಪ್ರವಾಹ ನೋಡಿ ಬಂದರು. ಮೊದಲ ದಿನ ನೀರು ಲಗೂನ್‌ನಿಂದ ಹೊರಕ್ಕೆ ಹೋಗುತ್ತಿತ್ತು. ಅಂಥ ಪ್ರವಾಹ ಡೈವರ್‌ಗಳನ್ನು ತೆರೆದ ಸಾಗರಕ್ಕೆ ಎಳೆದೊಯ್ಯುತ್ತದೆ, ಕಲಕಿದ ನೀರಿನಲ್ಲಿ ದೂರದ್ದು ಕಾಣುವುದೂ ಇಲ್ಲ. ಅವರು ಆ ಡೈವ್ ರದ್ದು ಮಾಡಿ ಒಳಗಿನ ಶಾಂತ ದಿಬ್ಬವೊಂದಕ್ಕೆ ಕರೆದೊಯ್ದರು. ಇಂಥ ಬದಲಾವಣೆಗೆ ಅವಕಾಶವಿರಲೆಂದೇ ವಾವುವಿಗೆ ಬೇಕಾದದ್ದಕ್ಕಿಂತ ಒಂದು ದಿನ ಹೆಚ್ಚು ಇಟ್ಟಿದ್ದೆ. ಮರುದಿನ ಬೆಳಿಗ್ಗೆ ನೀರು ಒಳಕ್ಕೆ ಹರಿಯುತ್ತಿತ್ತು. ಬೇಗ ಬೇಗ ಇಳಿದು ಚಾನೆಲ್‌ನ ಬಾಯಂಚನ್ನು ಸೇರಿ, ಜೀವಂತ ಹವಳವಿಲ್ಲದ ಬಂಡೆಗೆ ಹಗ್ಗ ಕಟ್ಟಿದ ಕೊಕ್ಕೆ ಸಿಕ್ಕಿಸಿ, ಬಿಸಿಡಿಗೆ ತುಸು ಗಾಳಿ ತುಂಬಿಕೊಂಡು ಹಗ್ಗದ ತುದಿಯಲ್ಲಿ ತೇಲಿದೆವು. ಬೂದು ಬಣ್ಣದ ರೀಫ್ ಶಾರ್ಕ್‌ಗಳು ರೆಕ್ಕೆ ಆಡಿಸದಂತೆ ಎದುರಿಗೇ ನಿಂತಿದ್ದವು. 30 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲ್ಮೈಯ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ತಂಗಿಯ ಗೇಜ್ 100 ಬಾರ್ ತೋರಿಸಿದಾಗ ಕೊಕ್ಕೆ ಬಿಡಿಸುವುದೆಂದು ದೋಣಿಯಲ್ಲೇ ಮಾತಾಡಿಕೊಂಡಿದ್ದೆವು, ಹಾಗೆಯೇ ಮಾಡಿದೆವು.

ಹಲವು ದಿನ ಡೈವ್ ಮಾಡಿದವರು, ದೇಹದಲ್ಲಿ ಉಳಿದ ನೈಟ್ರೋಜನ್ ಹೊರಹೋಗಲೆಂದು, ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ನೀರಿನಿಂದ ಹೊರಗಿರಬೇಕು ಎಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ನಾನು 24 ಗಂಟೆ ಬಿಡುತ್ತೇನೆ, ಸೀಪ್ಲೇನನ್ನೂ ವಿಮಾನವೆಂದೇ ಎಣಿಸುತ್ತೇನೆ. ಸೀಪ್ಲೇನ್‌ಗಳು ಹಗಲು ಮಾತ್ರ ಹಾರುವುದರಿಂದ ಸಂಜೆ ಬಂದಿಳಿಯುವವರು ಒಂದು ರಾತ್ರಿ ಮಾಲೆಯಲ್ಲಿ ಉಳಿಯಬೇಕಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ನಾವು ಸ್ಪೀಡ್‌ಬೋಟ್‌ನಲ್ಲಿ ಮಾಲೆಗೆ ಬಂದು, ಡೈವ್ ಇಲ್ಲದ ಆ ದಿನ, 1658ರಲ್ಲಿ ಹವಳದ ಕಲ್ಲಿನಿಂದ ಕಟ್ಟಿದ ಹುಕುರು ಮಿಸ್ಕಿ ಮಸೀದಿಯ ಗೋಡೆಗಳ ಕೆತ್ತನೆಯನ್ನು ನಿಧಾನವಾಗಿ ನೋಡಿದೆವು.

ನಮ್ಮ ಮುಂದಿನ ಪ್ರವಾಸ ಬಾ ಅಟಾಲ್‌ನ ಹನಿಫರು ಕೊಲ್ಲಿಗೆ. ಅಲ್ಲಿ ನೈಋತ್ಯ ಮಾರುತದ ಕಾಲದಲ್ಲಿ ಮಾಂಟಾಗಳು ಗುಂಪುಗೂಡಿ ಮೇಯುತ್ತವೆ. ಟ್ಯಾಂಕ್ ಹೊತ್ತು ಇಳಿಯಲು ಅನುಮತಿಯಿಲ್ಲ, ಸ್ನಾರ್ಕೆಲ್ ಮಾತ್ರ. ಉಬ್ಬರ ಜೋರಾಗಿದ್ದಾಗ ಪ್ಲಾಂಕ್ಟನ್ ಕೊಲ್ಲಿಯೊಳಗೆ ಒತ್ತಟ್ಟಿಗೆ ಸೇರುವುದರಿಂದ ಈ ಬಾರಿ ಅಷ್ಟಮಿಯನ್ನು ಬಿಟ್ಟು ಹುಣ್ಣಿಮೆಯ ದಿನಗಳನ್ನು ಹಿಡಿದು, ಆಗಸ್ಟ್‌ಗೆ ತಂಗಿಯೇ ದಿನಾಂಕ ಗುರುತು ಹಾಕಿದ್ದಾಳೆ.