ಎರಡು ಗಂಟೆಯ ಸ್ಪರ್ಧೆಗೆ ಏನು, ಎಷ್ಟು, ಯಾವಾಗ ತಿನ್ನಬೇಕು?

ತಿಂಗಳುಗಟ್ಟಲೆ ತಾಲೀಮು ಮಾಡಿದವರೂ ದೂರದ ಓಟದಲ್ಲಿ ಒಮ್ಮೆಲೇ ಕಾಲು ಸೋತು ನಿಲ್ಲುವುದುಂಟು. ಬಹಳ ಸಲ ಅಲ್ಲಿ ಬರಿದಾಗಿರುವುದು ಗ್ಲೈಕೋಜನ್, ಅಂದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ. ಬಿರುಸಿನ ಓಟಕ್ಕೆ ಅದು ಹೆಚ್ಚೆಂದರೆ ಒಂದೂವರೆ–ಎರಡು ಗಂಟೆ ಸಾಕಾಗುತ್ತದೆ.

ಸ್ಪರ್ಧೆ ಶುರುವಾಗುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಮೂರು ಗಂಟೆ ಮೊದಲು ಊಟ ಮುಗಿದಿರಲಿ. ಆ ಸಕ್ಕರೆ ತುಂಬಿಕೊಳ್ಳಲು ಈ ಊಟದಲ್ಲಿ ದೇಹದ ತೂಕದ ಪ್ರತಿ ಕಿಲೋಗೆ 2 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಬೇಕು. 60 ಕಿಲೋ ತೂಗುವವರಿಗೆ 120 ಗ್ರಾಂ. ಇದು ಅನ್ನದ ತೂಕವಲ್ಲ, ಎಡವುವುದು ಇಲ್ಲೇ. 100 ಗ್ರಾಂ ಬೆಂದ ಅನ್ನದಲ್ಲಿ ಕಾರ್ಬೋಹೈಡ್ರೇಟ್ ಇರುವುದು ಸುಮಾರು 28 ಗ್ರಾಂ. ಹಾಗಾಗಿ 350 ಗ್ರಾಂ ಅನ್ನ, ಜೊತೆಗೊಂದು ಬಾಳೆಹಣ್ಣು ಸೇರಿದರೆ ಲೆಕ್ಕ ಸರಿಹೋಗುತ್ತದೆ. ಕರಿದದ್ದು, ಕಾಳು, ಹಸಿ ತರಕಾರಿ ಆ ಹೊತ್ತಿಗೆ ಬೇಡ. ಕೊಬ್ಬು, ನಾರು ಹೊಟ್ಟೆಯಲ್ಲೇ ಉಳಿದು ಓಡುವಾಗ ಹಿಂಡುತ್ತವೆ. ಊಟದ ಜೊತೆಗೆ 300ರಿಂದ 600 ಮಿಲಿಲೀಟರ್ ನೀರು ಕುಡಿಯಿರಿ.

ಒಂದು ಗಂಟೆಯೊಳಗೆ ಮುಗಿಯುವ ಆಟಕ್ಕೆ ನಡುವೆ ನೀರು ಸಾಕು. ಅದಕ್ಕಿಂತ ದೀರ್ಘವಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಲೇಬೇಕು. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು ಕರಗಿಸಿ, 20 ನಿಮಿಷಕ್ಕೊಮ್ಮೆ 200 ಮಿಲಿಲೀಟರ್ ಗುಟುಕರಿಸಿದರೆ ಗಂಟೆಗೆ 36 ಗ್ರಾಂ ಸಿಗುತ್ತದೆ. ಇನ್ನಷ್ಟು ಶಕ್ತಿ ಬರಲೆಂದು ಸಕ್ಕರೆಯನ್ನು ದುಪ್ಪಟ್ಟು ಮಾಡಬೇಡಿ; ದ್ರಾವಣ ಗಟ್ಟಿಯಾದಷ್ಟೂ ಹೊಟ್ಟೆಯಿಂದ ಇಳಿಯುವುದು ನಿಧಾನ, ಉಬ್ಬರ, ಭೇದಿ ಬೇರೆ. ಕರುಳಿಗೂ ರೂಢಿ ಬೇಕು. ಸ್ಪರ್ಧೆಯ ದಿನ ಕುಡಿಯುವುದನ್ನು ಕೆಲವು ವಾರ ಮೊದಲೇ ತಾಲೀಮಿನಲ್ಲಿ ಕುಡಿದು ನೋಡಿ.

ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಒಂದೂವರೆ ಲೀಟರ್ ಕುಡಿಯಿರಿ. ತೂಕ ಏರಿದ್ದರೆ ನೀರು ಅತಿಯಾಯಿತೆಂದು ಅರ್ಥ. ಅದರಿಂದ ರಕ್ತದ ಸೋಡಿಯಂ (ಉಪ್ಪಿನಂಶ) ಕುಸಿದರೆ ಜೀವಕ್ಕೇ ಅಪಾಯ. ಓಟದ ನಂತರದ ಊಟದಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರಲಿ. ಮೂರು ಮೊಟ್ಟೆಯಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಅದೇ ದಿನ ಮತ್ತೊಂದು ಸ್ಪರ್ಧೆಯಿದ್ದರೆ ಮಾತ್ರ ತಕ್ಷಣ ತಿನ್ನುವ ಅವಸರ.

ಹಗುರಾದರೆ ವೇಗ ಹೆಚ್ಚುತ್ತದೆಂದು ವರ್ಷವಿಡೀ ಅರೆಹೊಟ್ಟೆಯಲ್ಲಿರುವ ಎಳೆಯ ಆಟಗಾರರ ಬಗ್ಗೆ ನಮಗೆ ನಿಜಕ್ಕೂ ಆತಂಕವಿದೆ. ಮೂಳೆ ಸವೆದು ಸಣ್ಣ ಬಿರುಕು ಬಿಡುತ್ತದೆ, ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ ಅದು ಕಠಿಣ ತಾಲೀಮಿನ ಗುರುತಲ್ಲ. ತಾಲೀಮು ತಗ್ಗಿಸಿ, ಊಟ ಹೆಚ್ಚಿಸಿ, ವೈದ್ಯರಿಗೆ ತೋರಿಸಿ.