ಕರುಳಿನ ಆಪರೇಷನ್ ಆದ ಮೇಲೆ ಫಿಶರ್ (ಗುದದ್ವಾರದ ಬಿರುಕು) ನೋವಾ? ಮೊದಲು ಒಂದು ಟಬ್ ತನ್ನಿ

ಮಾಟುಂಗಾ, ಡೊಂಬಿವಲಿ ಕಡೆ ದೊಡ್ಡ ಮೆಡಿಕಲ್‌ಗಳಲ್ಲಿ ‘ಸಿಟ್ಜ್ ಬಾತ್ ಟಬ್’ ಅಂತ ಕೇಳಿ. ಕಮೋಡಿನ ಮೇಲೆಯೇ ಕೂರುತ್ತದೆ, ಮುಂಬೈಯ ಸಣ್ಣ ಬಾತ್‌ರೂಮಿಗೆ ಹೇಳಿ ಮಾಡಿಸಿದ್ದು. ಮೋಷನ್ ಆದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ 10-15 ನಿಮಿಷ ಕೂತುಕೊಳ್ಳಿ. ಒಳಗೆ ಬಿಗಿದುಕೊಂಡ ಸ್ನಾಯು ಸಡಿಲವಾಗುತ್ತದೆ. ಡೆಟಾಲ್ ಬೇಡವೇ ಬೇಡ, ಉರಿ ಜಾಸ್ತಿ. ಆಮೇಲೆ ಉಜ್ಜಬೇಡಿ, ಮೆತ್ತನೆಯ ಬಟ್ಟೆ ಒತ್ತಿ ಒರೆಸಿ.

ಫಿಶರ್ ಅಂದ ಕೂಡಲೇ ಎಲ್ಲರೂ ಗಟ್ಟಿ ಮಲ ಮೆತ್ತಗಾಗಲಿ ಅಂತ ಇಸಬ್‌ಗೋಲ್ ಅನ್ನುತ್ತಾರೆ. ಆದರೆ ಕರುಳಿನ ಭಾಗ ತೆಗೆಸಿಕೊಂಡವರಿಗೆ ಪದೇ ಪದೇ ತೆಳ್ಳಗೆ ಹೋಗಿಯೂ ಬಿರುಕು ಬೀಳುತ್ತದೆ. ಅಂಥವರು ಪ್ರತಿ ಸಲ ಬರೀ ನೀರಲ್ಲಿ ತೊಳೆದು, ಸುತ್ತಲಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ಕ್ರೀಮು ಹಚ್ಚಿ. ಇಸಬ್‌ಗೋಲ್ ಸರ್ಜನ್ ಹತ್ತಿರ ಕೇಳಿಯೇ ತೆಗೆದುಕೊಳ್ಳಿ. ಕರುಳಿನ ಹೊಲಿಗೆಯ ಜಾಗ ಇಕ್ಕಟ್ಟಾಗಿದ್ದರೆ ಅದು ಅಲ್ಲಿ ಸಿಕ್ಕಿಕೊಂಡು ದಾರಿ ಕಟ್ಟಿಹೋಗಬಹುದು. ಖಾರದ ಮಿಸಳ್ ಪಾವ್‌ಗೆ ಸದ್ಯ ದೂರದಿಂದಲೇ ನಮಸ್ಕಾರ.

ಬಿಗಿದ ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್ ಮುಲಾಮನ್ನು ಡಾಕ್ಟರು ಬರೆದುಕೊಟ್ಟರೆ ನೋವು ಹೋಯ್ತು ಅಂತ ಮಧ್ಯೆ ಬಿಡಬೇಡಿ, ಸಾಮಾನ್ಯವಾಗಿ 6-8 ವಾರ ಹಚ್ಚಬೇಕು. ನೈಟ್ರೋಗ್ಲಿಸರಿನ್ ಮುಲಾಮಾದರೆ ತಲೆನೋವು ಬರಬಹುದು. ಗುದದ್ವಾರದ ಬಿಗಿ ಸ್ನಾಯು ಕತ್ತರಿಸುವ ಆಪರೇಷನ್ ಮಾತು ಬಂದರೆ, ಮೊದಲು ಕರುಳಿನ ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ, ಮಲ ತಡೆಯುವ ಶಕ್ತಿ ಕಡಿಮೆಯಾಗುವ ಭಯ ಇದೆ ಅಲ್ವಾ. ಜ್ವರ, ಕೀವು, ಜಾಸ್ತಿ ರಕ್ತ ಕಂಡರೆ ಅವತ್ತೇ ಹೋಗಿ ತೋರಿಸಿ.